ಕೆಡಹುವವನ ಹೊಣೆ

ವಿದ್ವಾಂಸರ ನಡುವಣ ಚರ್ಚೆಯನ್ನು ನ್ಯಾಯಶಾಸ್ತ್ರದವರು ವಾದ, ಜಲ್ಪ, ವಿತಂಡಾ ಎಂದು ಮೂರು ತೆರನಾಗಿ ವಿಂಗಡಿಸಿರುವರು. ತತ್ತ್ವವನ್ನು ತಿಳಿಯಬೇಕೆಂಬ ಆಶೆಯಿಂದ ಗುರುಶಿಷ್ಯರೋ ಸಹಾಧ್ಯಾಯಿಗಳೋ ನಡೆಸುವುದು ವಾದ. ಗೆದ್ದೇ ತೀರಬೇಕೆಂಬ ಹಟದಿಂದ, ಮಾತಿನ ವಕ್ರೋಪಾಯಗಳನ್ನೂ ಬಿಡದೆ ನಡೆಸುವುದು ಜಲ್ಪ. ಈ ಎರಡರಲ್ಲಿಯೂ ಮಾತನಾಡುವವನಿಗೆ ತನ್ನದೆಂಬ ಒಂದು ಪಕ್ಷವಿದ್ದೇ ಇರುತ್ತದೆ. ವಿತಂಡೆಯಲ್ಲಿ ಅದೂ ಇಲ್ಲ. ಎದುರಾಳಿಯ ಪಕ್ಷವನ್ನು ಕೆಡಹುವುದೊಂದೇ ಅಲ್ಲಿನ ಕೆಲಸ. ವಿತಂಡವಾದವೆಂದರೆ ಹುರುಳಿಲ್ಲದ ಮೊಂಡುವಾದವೆಂಬ ಅರ್ಥವು ಈಗ ಲೋಕದಲ್ಲಿ ರೂಢವಾಗಿದೆ. ಶಾಸ್ತ್ರದ ಅಭಿಪ್ರಾಯ ಹಾಗಲ್ಲ. ವೈತಂಡಿಕನ ಯುಕ್ತಿಗಳು ಕತ್ತಿಯಂತೆ ತೀಕ್ಷ್ಣವಾಗಿರಬಹುದು. ಒಂದೊಂದೂ ಸರಿಯಾಗಿಯೂ ಇರಬಹುದು. ಅವನಲ್ಲಿರುವ ಊನ ಒಂದೇ. ‘ಹಾಗಾದರೆ ನಿನ್ನ ಸಿದ್ಧಾಂತವೇನು?’ ಎಂದು ಕೇಳಿದರೆ ಅವನು ಸುಮ್ಮನಾಗುತ್ತಾನೆ.

ಹೀಗಿದ್ದರೂ ಗೌತಮನು ಅವನನ್ನು ಸಭೆಯಿಂದ ಹೊರಗಟ್ಟಲಿಲ್ಲ. ಮೊಳೆತ ಬೀಜವನ್ನು ಕಾಯಲು ಹೊಲದ ಸುತ್ತ ಮುಳ್ಳುಕೊಂಬೆಗಳ ಬೇಲಿ ಹೇಗೆ ಬೇಕೋ ಹಾಗೆ ತತ್ತ್ವನಿಶ್ಚಯವನ್ನು ಕಾಯಲು ಜಲ್ಪವಿತಂಡೆಗಳೂ ಬೇಕಾಗುವುದುಂಟೆಂದು ನ್ಯಾಯಸೂತ್ರಗಳ ನಾಲ್ಕನೆಯ ಅಧ್ಯಾಯದಲ್ಲಿ ಒಪ್ಪಿದ್ದಾನೆ. ಖಂಡನಖಂಡಖಾದ್ಯವನ್ನು ಬರೆದ ಶ್ರೀಹರ್ಷನಂತೂ ಪರರ ಲಕ್ಷಣಗಳನ್ನು ಒಂದೊಂದಾಗಿ ಮುರಿಯುವುದರಲ್ಲಿಯೇ ತನ್ನ ಪಾಂಡಿತ್ಯವನ್ನೆಲ್ಲ ತೋರಿದನು. ಅದರಿಂದ ಅವನ ಕೀರ್ತಿಗೆ ಕುಂದು ಬರಲಿಲ್ಲ. ಆದಕಾರಣ, ಕಟ್ಟಲಾರದವನಿಗೆ ಕೆಡಹುವ ಅಧಿಕಾರವುಂಟೇ ಎಂಬ ಪ್ರಶ್ನೆಗೆ ಪಂಡಿತರ ಸಭೆಯಲ್ಲಿ ಉಂಟೆಂದೇ ಉತ್ತರ ಹೇಳಬೇಕಾಗಿದೆ. ಸಭೆಯಲ್ಲಿ ಒಂದು ಪಕ್ಷವು ಬಿದ್ದುಹೋದರೆ ವಿದ್ವಾಂಸರು ಶಾಲು ಹೊದೆದುಕೊಂಡು ಎದ್ದು ಮನೆಗೆ ಹೋಗುತ್ತಾರೆ. ತತ್ತ್ವಕ್ಕೇನೂ ಆಗುವುದಿಲ್ಲ, ಅದು ನಾಳೆಯವರೆಗೆ ಕಾದಿರುತ್ತದೆ.

ರಾಜ್ಯದ ಸಂಗತಿ ಹೀಗೆಯೇ ಎಂದು ಹೇಳಬಹುದೇ? ಒಂದು ಸರಕಾರವನ್ನು ಕೆಡಹುವವನು ಅದರ ಸ್ಥಾನದಲ್ಲಿ ಇನ್ನೊಂದನ್ನು ನಿಲ್ಲಿಸುವ ಹೊಣೆಯನ್ನೂ ಹೊರಬೇಕೇ, ಅಥವಾ ಕೆಟ್ಟದ್ದನ್ನು ಕೆಡಹಿದರೆ ಅವನ ಧರ್ಮ ಮುಗಿಯಿತೇ? ಯೂರೋಪಿನ ಒಂದು ದೊಡ್ಡ ಜನಾಂಗವು ಈ ಪ್ರಶ್ನೆಯನ್ನು ಅತ್ಯಂತ ದಾರುಣವಾದ ಬೆಲೆ ತೆತ್ತು ಕಲಿತು, ತನ್ನ ಉತ್ತರವನ್ನು ರಾಜ್ಯಾಂಗದ ಒಂದು ವಿಧಿಯಾಗಿ ಬರೆದಿಟ್ಟುಕೊಂಡಿದೆ. ಜರ್ಮನಿಯ ಗಣರಾಜ್ಯದ ಆ ವಿಧಿಯನ್ನೂ ಅದರ ಹಿಂದಿನ ಮುಂದಿನ ವೃತ್ತಾಂತವನ್ನೂ ನೋಡಿದರೆ ಈ ಧರ್ಮಸೂಕ್ಷ್ಮವು ಸ್ವಲ್ಪ ಬಿಡಿಸಿಕೊಳ್ಳಬಹುದು.

ಮೊದಲನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯಲ್ಲಿ ೧೯೧೮ನೆಯ ನವೆಂಬರಿನಲ್ಲಿ ಚಕ್ರವರ್ತಿಯ ಆಳಿಕೆ ಕೊನೆಗೊಂಡಿತು. ಮರುವರುಷ ಜನಪ್ರತಿನಿಧಿಗಳು ಗಯಟೆ ಮತ್ತು ಶಿಲ್ಲರ್ ಕವಿಗಳು ಬಾಳಿದ ವೈಮಾರ್ ಪಟ್ಟಣದಲ್ಲಿ ಕಲೆತು ಹೊಸ ರಾಜ್ಯಾಂಗವೊಂದನ್ನು ರಚಿಸಿದರು. ೧೯೧೯ನೆಯ ಆಗಸ್ಟ್ ೧೧ರಂದು ಅದಕ್ಕೆ ಸಹಿ ಬಿದ್ದಿತು. ಆ ಕಾಲಕ್ಕೆ ಲೋಕದಲ್ಲಿದ್ದ ರಾಜ್ಯಾಂಗಗಳಲ್ಲೆಲ್ಲ ಅದು ಬಹು ಉದಾರವಾದುದೆಂದು ಹೆಸರು ಪಡೆದಿತ್ತು. ಸ್ತ್ರೀಪುರುಷರಿಬ್ಬರಿಗೂ ಮತಾಧಿಕಾರ, ಸುಮಾರು ಅರುವತ್ತು ಸಾವಿರ ಮತಗಳು ದೊರೆತ ಪಕ್ಷಕ್ಕೆ ರೈಖ್‌ಸ್ಟಾಗ್ ಎಂಬ ಜನಸಭೆಯಲ್ಲಿ ಒಂದು ಸ್ಥಾನ, ಏಳು ವರುಷಗಳಿಗೊಮ್ಮೆ ಪ್ರಜೆಗಳೇ ನೇರವಾಗಿ ಆರಿಸುವ ಅಧ್ಯಕ್ಷ, ಅಧ್ಯಕ್ಷನು ನೇಮಿಸುವ ಚಾನ್ಸೆಲರ್, ಎಂದರೆ ಪ್ರಧಾನಮಂತ್ರಿ. ಚಾನ್ಸೆಲರನಿಗೂ ಮಂತ್ರಿಗಳಿಗೂ ಜನಸಭೆಯ ವಿಶ್ವಾಸವಿರಬೇಕು. ಸಭೆಯು ಸ್ಪಷ್ಟವಾದ ನಿರ್ಣಯದಿಂದ ಆ ವಿಶ್ವಾಸವನ್ನು ಹಿಂತೆಗೆದುಕೊಂಡರೆ ಅವರು ಅಧಿಕಾರ ಬಿಡಬೇಕು. ಇದು ಐವತ್ತನಾಲ್ಕನೆಯ ವಿಧಿ. ಅನಂತರ ಯಾರು ಬರಬೇಕೆಂಬುದರ ಹೊಣೆಯನ್ನು ಆ ವಿಧಿಯು ಸಭೆಯ ಮೇಲೆ ಹೊರಿಸಿರಲಿಲ್ಲ. ವಿಪತ್ಕಾಲದಲ್ಲಿ ಅಧ್ಯಕ್ಷನು ಸಭೆಯನ್ನು ಕೇಳದೆ ಆಜ್ಞೆಗಳನ್ನು ಹೊರಡಿಸಬಹುದೆಂಬ ನಾಲ್ವತ್ತೆಂಟನೆಯ ವಿಧಿಯೂ ಅಲ್ಲಿಯೇ ಇದ್ದಿತು. ಈ ಎರಡು ವಿಧಿಗಳೂ ಬೇರೆಬೇರೆಯಾಗಿದ್ದಾಗ ನಿರಪಾಯವಾಗಿ ಕಾಣುತ್ತಿದ್ದುವು, ಕೂಡಿದಾಗ ವಿಷವಾದುವು.

೧೯೩೨ನೆಯ ಜುಲೈ ೩೧ರ ಚುನಾವಣೆಯಲ್ಲಿ ೬೦೮ ಸ್ಥಾನಗಳ ಜನಸಭೆಗೆ ನಾಜಿಗಳು ೨೩೦ ಮಂದಿಯೂ ಕಮ್ಯೂನಿಸ್ಟರು ೮೯ ಮಂದಿಯೂ ಆರಿಸಿಬಂದರು. ಒಟ್ಟು ೩೧೯, ಸಭೆಯ ಅರ್ಧಕ್ಕಿಂತ ಹೆಚ್ಚು. ಈ ಎರಡು ಪಕ್ಷದವರೂ ಬೀದಿಗಳಲ್ಲಿ ಒಬ್ಬರನ್ನೊಬ್ಬರು ಬಡಿದು ಕೊಲ್ಲುತ್ತಿದ್ದವರು; ಕೂಡಿ ಒಂದು ದಿನವಾದರೂ ರಾಜ್ಯವಾಳುವುದು ಅಸಂಭವ. ಆದರೆ ಕೂಡಿ ಕೆಡಹುವುದಕ್ಕೆ ಅಡ್ಡಿಯೇನೂ ಇರಲಿಲ್ಲ. ಸೆಪ್ಟೆಂಬರು ೧೨ರಂದು ಕಮ್ಯೂನಿಸ್ಟರು ಚಾನ್ಸೆಲರ್ ಫಾನ್ ಪಾಪೆನ್ನನ ಮೇಲೆ ಅವಿಶ್ವಾಸವನ್ನು ತಂದರು. ಸಭೆಯನ್ನು ವಿಸರ್ಜಿಸುವ ಅಧ್ಯಕ್ಷರ ಆಜ್ಞಾಪತ್ರವನ್ನು ಪಾಪೆನ್ನನು ಅವಸರದಿಂದ ತರಿಸಿಕೊಂಡು ಮಾತನಾಡಲು ಎದ್ದುನಿಂತರೆ, ಸಭಾಪತಿಯ ಪೀಠದಲ್ಲಿದ್ದ ನಾಜಿಮುಖಂಡ ಗೋರಿಂಗನು ಬೇಕೆಂದೇ ಬೇರೆ ಕಡೆ ಮುಖ ತಿರುಗಿಸಿ ಮತ ಎಣಿಸಲು ಅಪ್ಪಣೆ ಕೊಟ್ಟನು. ಪಾಪೆನ್ನನು ಕಾಗದವನ್ನು ಪೀಠದ ಮೇಲಿಟ್ಟು ಹೊರಟುಹೋದನು. ಅವಿಶ್ವಾಸದ ಪರ ೫೧೨ ಮತಗಳು, ವಿರುದ್ಧ ೪೨. ಸಭೆಯು ಅದಕ್ಕೆ ಮುಂಚೆಯೇ ವಿಸರ್ಜಿತವಾಗಿದ್ದಿತೆಂಬ ಕಾರಣದಿಂದ ಆ ಎಣಿಕೆಗೆ ಕಾನೂನಿನ ಬೆಲೆ ಸಿಕ್ಕಲಿಲ್ಲ. ಆದರೆ ಲೋಕವೆಲ್ಲ ಕಂಡ ಸಂಗತಿಯೇನೆಂದರೆ, ೫೧೨ ಮಂದಿ ಒಬ್ಬನನ್ನು ಬೇಡವೆನ್ನಬಲ್ಲರು, ಅವರಲ್ಲಿ ಅರ್ಧಸಭೆಯಷ್ಟು ಮಂದಿಯಾದರೂ ಕೂಡಿ ಮತ್ತೊಬ್ಬನನ್ನು ಬೇಕೆನ್ನಲಾರರು. ವಿತಂಡೆಯು ರಾಜಪೀಠವನ್ನೇರಿದ ದಿನವದು. ನವೆಂಬರಿನಲ್ಲಿ ಮತ್ತೆ ಚುನಾವಣೆಯಾಯಿತು. ೫೮೪ರಲ್ಲಿ ನಾಜಿಗಳಿಗೆ ೧೯೬, ಕಮ್ಯೂನಿಸ್ಟರಿಗೆ ೧೦೦. ಮತ್ತೆಯೂ ಕೆಡಹುವ ಬಹುಮತವೇ.

ಪೀಠವು ಶೂನ್ಯವಾದರೆ ಅದು ಶೂನ್ಯವಾಗಿಯೇ ಉಳಿಯುತ್ತದೆಂದು ಭಾವಿಸುವುದು ದೊಡ್ಡ ಭ್ರಾಂತಿ. ಪೊಲೀಸರು, ಖಜಾನೆ, ಸೈನ್ಯ ಇವೆಲ್ಲ ಮರುದಿನವೂ ಯಾರದೋ ಮಾತನ್ನು ಕೇಳಲೇಬೇಕು. ಸಭೆಯು ಯಾರನ್ನೂ ನಿಲ್ಲಿಸಲಾರದೆ ಹೋದುದರಿಂದ ಆ ಮಾತು ೧೯೩೦ರಿಂದಲೇ ಎಂಬತ್ತು ದಾಟಿದ ಅಧ್ಯಕ್ಷ ಹಿಂಡೆನ್‌ಬರ್ಗನದೂ ಅವನ ಕಿವಿಯ ಬಳಿ ಇದ್ದ ನಾಲ್ಕಾರು ಮಂದಿಯದೂ ಆಯಿತು. ಆ ನಾಲ್ಕಾರು ಮಂದಿಯನ್ನು ಪ್ರಜೆಗಳು ಆರಿಸಿರಲಿಲ್ಲ. ಅವರ ಬೋಧನೆಯಂತೆ ೧೯೩೩ನೆಯ ಜನವರಿ ೩೦ರಂದು ಹಿಟ್ಲರನು ಚಾನ್ಸೆಲರಾದನು. ಮಾರ್ಚ್ ೨೩ರಂದು ಜನಸಭೆಯು ತನ್ನ ಶಾಸನಾಧಿಕಾರವನ್ನು ತಾನೇ ಅವನ ಕೈಗೆ ಒಪ್ಪಿಸಿತು: ಪರ ೪೪೪, ವಿರುದ್ಧ ೯೪. ಆ ತೊಂಬತ್ತನಾಲ್ಕು ಮಂದಿಯೂ ಸೋಷಿಯಲ್ ಡೆಮಾಕ್ರಾಟರು. ಕಮ್ಯೂನಿಸ್ಟ್ ಸದಸ್ಯರನ್ನು ಅಷ್ಟು ಹೊತ್ತಿಗೆ ಸಭೆಗೆ ಬರಗೊಟ್ಟಿರಲಿಲ್ಲ. ನಾಜಿ ಭಟರು ಸುತ್ತುವರಿದಿದ್ದ ಸಭೆಯಲ್ಲಿ ಓಟೋ ವೆಲ್ಸ್ ಎಂಬ ಮುಖಂಡನು ಎದ್ದುನಿಂತು ಬೇಡವೆಂದು ಹೇಳಿದನು. ಅವನೂ ಕೆಡಹುವ ಮಾತನ್ನೇ ಆಡಿದನು, ಅವನ ಬಳಿಯೂ ಬದಲು ಸರಕಾರವಿರಲಿಲ್ಲ. ಆದರೂ ಅಂದು ಅಲ್ಲಿ ಧರ್ಮದ ಮಾತೆಂದರೆ ಅದೊಂದೇ. ಈ ಸಂಗತಿಯನ್ನು ಮುಂದಿನ ವಿಚಾರಕ್ಕಾಗಿ ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಎರಡನೆಯ ಯುದ್ಧವು ಮುಗಿದು, ದೇಶವು ಒಡೆದು, ಪಟ್ಟಣಗಳು ಕಲ್ಲುಗುಡ್ಡೆಗಳಾಗಿದ್ದಾಗ, ೧೯೪೮ನೆಯ ಸೆಪ್ಟೆಂಬರ್ ೧ರಂದು ಪಶ್ಚಿಮ ಜರ್ಮನಿಯ ಪ್ರಾಂತಗಳ ೬೫ ಮಂದಿ ಪ್ರತಿನಿಧಿಗಳು ಬಾನ್ ಪಟ್ಟಣದಲ್ಲಿ ಸೇರಿದರು. ನಾಲ್ವರು ಸ್ತ್ರೀಯರೂ ಅವರಲ್ಲಿದ್ದರು. ಬರ್ಲಿನ್ನಿನಿಂದ ಮತಾಧಿಕಾರವಿಲ್ಲದೆ ಬಂದಿದ್ದವರಲ್ಲಿ ಪೌಲ್ ಲೋಬೆ ಎಂಬ ವೃದ್ಧನೊಬ್ಬನು. ೧೯೩೨ರ ಬೇಸಗೆಯವರೆಗೆ ರೈಖ್‌ಸ್ಟಾಗಿನ ಸಭಾಪತಿಯಾಗಿದ್ದು, ಗೋರಿಂಗನಿಗೆ ಆ ಪೀಠವನ್ನು ಬಿಟ್ಟುಕೊಟ್ಟು, ಅನಂತರ ಸೆರೆಮನೆಯನ್ನೂ ಕಂಡವನು ಇವನೇ. ಇಂಥವರು ಕುಳಿತಲ್ಲಿ ಹಳೆಯ ತಪ್ಪುಗಳು ಪುಸ್ತಕದ ಪಾಠಗಳಾಗಿರಲಿಲ್ಲ. ಅವರು ರಚಿಸಿದ ಮೂಲಶಾಸನವು, ದೇಶವು ಒಡೆದಿರುವವರೆಗೆ ಅದನ್ನು ರಾಜ್ಯಾಂಗವೆಂದು ಕರೆಯಲು ಅವರು ಒಪ್ಪಲಿಲ್ಲವಾದ್ದರಿಂದ ಅದಕ್ಕೆ ಬಂದ ಹೆಸರು ಅದು, ೧೯೪೯ನೆಯ ಮೇ ೮ರಂದು ೫೩ ಮತಗಳಿಂದ ಅಂಗೀಕೃತವಾಗಿ ಮೇ ೨೩ರಂದು ಪ್ರಕಟವಾಯಿತು. ೧೯೯೦ರಲ್ಲಿ ಜರ್ಮನಿಯು ಒಂದಾದ ಮೇಲೂ ಹೆಸರು ಬದಲಾಗಲಿಲ್ಲ.

ಅದರ ವ್ಯವಸ್ಥೆಯನ್ನೆಲ್ಲ ಇಲ್ಲಿ ವಿಸ್ತರಿಸುವುದು ಅನಾವಶ್ಯಕ. ಪ್ರಜೆಗಳು ಆರಿಸುವ ಬುಂಡೆಸ್ಟಾಗ್ ಎಂಬ ಜನಸಭೆ. ಪ್ರಾಂತಸರಕಾರಗಳ ಪ್ರತಿನಿಧಿಗಳು ಕೂಡುವ ಬುಂಡೆಸ್ರಾಟ್ ಎಂಬ ಪ್ರಾಂತಸಭೆ. ಕಾನೂನುಗಳನ್ನು ಒರೆಗೆ ಹಚ್ಚಲು ಕಾರ್ಲ್ಸ್‌ರೂಹೆ ಪಟ್ಟಣದಲ್ಲೊಂದು ಶ್ರೇಷ್ಠ ನ್ಯಾಯಾಲಯ. ಅಧ್ಯಕ್ಷನನ್ನು ಈಗ ಪ್ರಜೆಗಳು ನೇರವಾಗಿ ಆರಿಸುವುದಿಲ್ಲ. ಜನಸಭೆಯ ಸದಸ್ಯರೂ ಅಷ್ಟೇ ಸಂಖ್ಯೆಯ ಪ್ರಾಂತಪ್ರತಿನಿಧಿಗಳೂ ಸೇರಿ ಐದು ವರುಷಗಳಿಗೆ ಆರಿಸುತ್ತಾರೆ. ಒಬ್ಬನೇ ಎಡೆಬಿಡದೆ ಎರಡಕ್ಕಿಂತ ಹೆಚ್ಚು ಬಾರಿ ಆ ಪದವಿಯಲ್ಲಿರುವಂತಿಲ್ಲ. ಮತ್ತೊಬ್ಬ ಹಿಂಡೆನ್‌ಬರ್ಗನು ಬೆಳೆಯದಂತೆ ಮಾಡಿದ ಏರ್ಪಾಡಿದು. ಅಧ್ಯಕ್ಷನು ಹೆಸರನ್ನು ಸೂಚಿಸಿದರೂ ಚಾನ್ಸೆಲರನ್ನು ಆರಿಸುವುದು ಜನಸಭೆಯೇ.

ಪ್ರಕೃತಕ್ಕೆ ಮುಖ್ಯವಾದುದು ಅರುವತ್ತೇಳನೆಯ ವಿಧಿ. ಚಾನ್ಸೆಲರನಲ್ಲಿ ತನಗೆ ವಿಶ್ವಾಸವಿಲ್ಲವೆಂದು ಜನಸಭೆಯು ತಿಳಿಸಬೇಕಾದರೆ ಅದಕ್ಕೆ ಒಂದೇ ಒಂದು ದಾರಿ: ತನ್ನ ಒಟ್ಟು ಸದಸ್ಯರಲ್ಲಿ ಅರ್ಧಕ್ಕೆ ಮಿಕ್ಕವರ ಮತದಿಂದ ಉತ್ತರಾಧಿಕಾರಿಯೊಬ್ಬನನ್ನು ಆರಿಸಿ, ಹಳಬನನ್ನು ಬಿಡುಗಡೆ ಮಾಡಿರೆಂದು ಅಧ್ಯಕ್ಷನನ್ನು ಕೇಳಿಕೊಳ್ಳಬೇಕು. ಅಧ್ಯಕ್ಷನು ಕೇಳಿದಂತೆ ಮಾಡಲೇಬೇಕು. ಸೂಚನೆಗೂ ಮತಗಣನೆಗೂ ನಡುವೆ ನಾಲ್ವತ್ತೆಂಟು ಗಂಟೆಗಳು ಕಳೆಯಬೇಕು, ಎಂದರೆ ಕೋಪವು ಎರಡು ರಾತ್ರಿ ನಿದ್ದೆ ಮಾಡಿ ಎದ್ದ ಮೇಲೂ ಉಳಿದಿದ್ದರೆ ಮಾತ್ರ ಅದಕ್ಕೆ ಬೆಲೆ. ಕೆಡಹುವ ಮತವೂ ಕಟ್ಟುವ ಮತವೂ ಬೇರೆಯಾಗದೆ ಒಂದೇ ಚೀಟಿಯಾಗಿರುವುದು ಇದರ ವಿಶೇಷ. ವೈತಂಡಿಕನಿಗೆ ‘ನಿನ್ನ ಸಿದ್ಧಾಂತವೇನು?’ ಎಂದು ಕೇಳುವ ಕೆಲಸವನ್ನು ಇಲ್ಲಿ ಕಾನೂನೇ ವಹಿಸಿಕೊಂಡಿದೆ.

ಪ್ರಾಚೀನರಿಗೆ ಈ ಭಾವನೆಯು ಅಪರಿಚಿತವಾಗಿರಲಿಲ್ಲ. ರಾಮಾಯಣದಲ್ಲಿ ದಶರಥನು ತೀರಿಕೊಂಡು, ರಾತ್ರಿ ಕಳೆದು ಬೆಳಗಾದೊಡನೆ ಅಯೋಧ್ಯೆಯ ದ್ವಿಜರೂ ಮಂತ್ರಿಗಳೂ ವಸಿಷ್ಠನ ಮುಂದೆ ಸೇರಿ, ಅರಾಜಕವಾದ ನಾಡಿನ ದುರವಸ್ಥೆಯನ್ನು ಬಣ್ಣಿಸಿ, ಇಂದೇ ಯಾರನ್ನಾದರೂ ಪಟ್ಟಕ್ಕೆ ನಿಲ್ಲಿಸಬೇಕೆನ್ನುತ್ತಾರೆ. ಆ ಸಭೆ ಸೇರಿದವರಿಗೆ ವಾಲ್ಮೀಕಿಯು ಕೊಟ್ಟ ಹೆಸರು ರಾಜಕರ್ತೃಗಳು. ರಾಜರನ್ನು ಮಾಡುವವರು, ಬರಿಯ ಪದಚ್ಯುತಿ ಮಾಡುವವರಲ್ಲ.

ಇನ್ನು ಪೂರ್ವಪಕ್ಷವನ್ನು ಕೇಳಬೇಕು; ಅದು ಹಗುರವಾದುದಲ್ಲ. ಮೊದಲನೆಯ ಆಕ್ಷೇಪ ಚರಿತ್ರಕಾರರದು. ವೈಮಾರಿನ ಹದಿನಾಲ್ಕು ವರುಷಗಳಲ್ಲಿ ಸುಮಾರು ಇಪ್ಪತ್ತು ಮಂತ್ರಿಮಂಡಲಗಳು ಬಿದ್ದುದು ನಿಜ. ಆದರೆ ಸಭೆಯ ಮತದಿಂದಲೇ ನೇರವಾಗಿ ಬಿದ್ದುವು ಬೆರಳೆಣಿಕೆಯಷ್ಟು. ೧೯೨೩ರಲ್ಲಿ ಸ್ಟ್ರೇಸೆಮನ್ನನು ತಾನೇ ವಿಶ್ವಾಸವನ್ನು ಕೇಳಿ ಸೋತನು. ೧೯೨೬ರಲ್ಲಿ ಲೂಥರ್, ಮಾರ್ಕ್ಸ್ ಎಂಬಿಬ್ಬರು ಚಾನ್ಸೆಲರರು ಸಭೆಯ ಅಸಮ್ಮತಿಗೆ ತಲೆಬಾಗಿದರು. ಉಳಿದ ಬಹುಪಾಲು ಮಂತ್ರಿಮಂಡಲಗಳು ಒಳಜಗಳದಿಂದ, ಸಾಲದ ಹೊರೆಯಿಂದ, ಅಧ್ಯಕ್ಷನ ಮುನಿಸಿನಿಂದ ಕೆಟ್ಟುವು. ಹಿಟ್ಲರನನ್ನು ಕರೆತಂದುದು ಅವಿಶ್ವಾಸದ ಮತವಲ್ಲ, ಅಧ್ಯಕ್ಷನ ಲೇಖನಿ. ಅರುವತ್ತೇಳನೆಯ ವಿಧಿಯೊಂದೇ ಆಗ ಇದ್ದಿದ್ದರೆ ಜರ್ಮನಿ ಉಳಿಯುತ್ತಿದ್ದಿತೆಂದು ಹೇಳುವವರು ಔಷಧದ ಹೊಗಳಿಕೆಯಲ್ಲಿ ರೋಗವನ್ನು ಮರೆತವರು. ಈ ಆಕ್ಷೇಪವನ್ನು ಒಪ್ಪಲೇಬೇಕು. ವಿಧಿಯ ಬೆಲೆ ಬೇರೆಡೆಯಲ್ಲಿದೆ.

ಎರಡನೆಯ ಆಕ್ಷೇಪ ಧರ್ಮದ್ದು. ಮನೆಗೆ ಬೆಂಕಿ ಬಿದ್ದಿದೆಯೆಂದು ಕೂಗುವವನು ಹೊಸ ಮನೆಯ ನಕ್ಷೆಯನ್ನು ಕೈಯಲ್ಲಿ ಹಿಡಿದಿರಬೇಕೆ? ಅನ್ನದಲ್ಲಿ ವಿಷವಿದೆಯೆಂದವನು ಬೇರೆ ಅನ್ನ ಬೇಯಿಸಿ ತರಬೇಕೆ? ಅನ್ಯಾಯವನ್ನು ಅನ್ಯಾಯವೆನ್ನಲು ಬದಲು ನ್ಯಾಯವ್ಯವಸ್ಥೆಯನ್ನು ರಚಿಸಿಕೊಂಡು ಬರಬೇಕೆಂದರೆ ಬಡವರ ಬಾಯಿ ಕಟ್ಟಿದಂತಾಯಿತು. ಓಟೋ ವೆಲ್ಸನಿಗೆ ಆ ದಿನ ಯಾರಾದರೂ ‘ನಿನ್ನ ಬಳಿ ಇನ್ನೊಬ್ಬ ಚಾನ್ಸೆಲರುಂಟೇ?’ ಎಂದು ಕೇಳಿದ್ದರೆ ಆ ಪ್ರಶ್ನೆಯೇ ಪಾಪವಾಗುತ್ತಿದ್ದಿತು.

ಇದಕ್ಕೆ ಸಮಾಧಾನ ಹೇಳುವಾಗ ನಾಲಗೆಯ ಧರ್ಮವನ್ನೂ ಕೈಯ ಧರ್ಮವನ್ನೂ ಬೇರೆಯಾಗಿ ತಿಳಿಯಬೇಕು. ದೋಷವನ್ನು ದೋಷವೆನ್ನುವುದು ನಾಲಗೆಯ ಕೆಲಸ. ಅಲ್ಲಿ ವಿತಂಡೆಯು ಮುಳ್ಳುಬೇಲಿಯಾಗಿ ಇರಲೇಬೇಕು. ಜರ್ಮನಿಯ ವಿಧಿಯು ಅದನ್ನು ತಡೆಯುವುದಿಲ್ಲ. ವಿರೋಧಪಕ್ಷದವರು ಖಂಡಿಸಬಹುದು, ಮಸೂದೆಗಳನ್ನು ಸೋಲಿಸಬಹುದು, ಆಯವ್ಯಯವನ್ನೇ ತಿರಸ್ಕರಿಸಬಹುದು. ವೆಲ್ಸನಂತೆ ಎದ್ದುನಿಂತು ಬೇಡವೆನ್ನಬಹುದು. ಆದರೆ ಅಧಿಕಾರದ ಬೀಗದಕೈಯನ್ನು ಒಬ್ಬನ ಸೊಂಟದಿಂದ ಕಿತ್ತುಕೊಳ್ಳುವುದು ಕೈಯ ಕೆಲಸ. ಕಿತ್ತುಕೊಂಡವನು ಅದನ್ನು ಬೀದಿಯಲ್ಲಿ ಎಸೆದು ಹೋಗುವಂತಿಲ್ಲ. ಏಕೆಂದರೆ ಅದನ್ನು ಎತ್ತಿಕೊಳ್ಳುವವನು ಯಾರೆಂಬುದು ಎಸೆದವನ ವಶದಲ್ಲಿ ಇರುವುದಿಲ್ಲ. ಕಾಣದ ಕೈಗೆ ಬೀಗದಕೈ ಸೇರಿದ ಮೇಲೆ ‘ನಾವು ಕಳ್ಳನಿಗೆ ಕೊಡಲಿಲ್ಲ, ಕೆಳಗೆ ಹಾಕಿದೆವಷ್ಟೇ’ ಎಂದರೆ ಮನೆಯವರಿಗೆ ಸಮಾಧಾನವಾದೀತೆ? ಮಂತ್ರಿಯೊಬ್ಬನ ಮೇಲೆ ಮಾತ್ರ ಅವಿಶ್ವಾಸ ತಂದು ಅವನನ್ನು ತೆಗೆಯುವ ಅಧಿಕಾರವನ್ನೂ ಮೂಲಶಾಸನವು ಸಭೆಗೆ ಕೊಡದಿರುವುದು ಮಾತ್ರ ಅತಿಯಾಯಿತೆಂದು ತೋರುತ್ತದೆ. ಒಂದು ಕಂಬ ಹುಳುಹಿಡಿದರೆ ಮನೆಯನ್ನೇ ಕೆಡಹಿ ಕಟ್ಟಿರೆಂದು ಹೇಳಿದಂತಿದೆ ಅದು.

ವಿಧಿಯು ಜರ್ಮನಿಯಲ್ಲಿ ಈವರೆಗೆ ಎರಡೇ ಬಾರಿ ಪ್ರಯೋಗಕ್ಕೆ ಬಂದಿದೆ. ಆ ಎರಡೂ ಬಾರಿ ಕಾನೂನಿಗಿಂತ ಆಳವಾದ ಪ್ರಶ್ನೆಗಳೆದ್ದುವು.

ಮೊದಲನೆಯದು ೧೯೭೨ನೆಯ ಏಪ್ರಿಲ್ ೨೭ರಂದು. ಚಾನ್ಸೆಲರ್ ವಿಲ್ಲಿ ಬ್ರಾಂಟ್ ಅವರು ಸೋವಿಯತ್ ದೇಶದೊಡನೆಯೂ ಪೋಲೆಂಡಿನೊಡನೆಯೂ ೧೯೭೦ರಲ್ಲಿ ಒಪ್ಪಂದ ಮಾಡಿಕೊಂಡು, ಅದಕ್ಕಾಗಿ ಮರುವರುಷ ನೊಬೆಲ್ ಶಾಂತಿಪಾರಿತೋಷಕವನ್ನೂ ಪಡೆದಿದ್ದರು. ಕಳೆದುಹೋದ ಪೂರ್ವಪ್ರಾಂತಗಳನ್ನು ಅವರು ಬಿಟ್ಟುಕೊಟ್ಟರೆಂದು ನೊಂದು ಕೆಲವು ಸದಸ್ಯರು ಪಕ್ಷಾಂತರ ಮಾಡಿದರು. ಸರಕಾರದ ಬಹುಮತ ಕರಗಿತು. ವಿರೋಧಪಕ್ಷದ ನಾಯಕ ರೈನರ್ ಬಾರ್ತ್ಸೆಲ್ ಅವರು ಉತ್ತರಾಧಿಕಾರಿಯಾಗಿ ನಿಂತರು. ಬೇಕಾದುದು ೨೪೯ ಮತ, ಬಂದುದು ೨೪೭. ಗುಪ್ತಮತವಾದ್ದರಿಂದ ಆ ಇಬ್ಬರು ಯಾರೆಂದು ಆಗ ತಿಳಿಯಲಿಲ್ಲ. ಬಾರ್ತ್ಸೆಲ್ಲರ ಪಕ್ಷದವನೇ ಆದ ಸದಸ್ಯನೊಬ್ಬನು ತನಗೆ ಐವತ್ತು ಸಾವಿರ ಮಾರ್ಕು ಹಣ ಸಂದಿತ್ತೆಂದು ಮರುವರುಷ ಹೇಳಿಕೊಂಡನು. ಪೂರ್ವಜರ್ಮನಿಯು ಅಳಿದ ಮೇಲೆ ಅದರ ಗೂಢಚಾರರ ಕೈವಾಡವೂ ಹೊರಬಿದ್ದಿತು. ಕಟ್ಟುವ ಹೊಣೆಯನ್ನು ಎಷ್ಟು ಅಂದವಾಗಿ ವಿಧಿಸಿದರೂ, ಚೀಟಿ ಹಾಕುವ ಬೆರಳುಗಳನ್ನು ಶುದ್ಧವಾಗಿಡುವ ವಿಧಿಯನ್ನು ಬಾನ್ ಪಟ್ಟಣದ ಹಿರಿಯರು ಬರೆಯಲಾರದೆ ಹೋದರು. ಅದು ಯಾರಿಂದಲೂ ಆಗದ ಕೆಲಸ.

ಮರುದಿನ ನಡೆದುದು ಇನ್ನೂ ವಿಚಾರಾರ್ಹ. ಚಾನ್ಸೆಲರನ ಕಚೇರಿಯ ಖರ್ಚಿನ ಬಾಬು ಮತಕ್ಕೆ ಬಂದಾಗ ಪರ ೨೪೭, ವಿರುದ್ಧ ೨೪೭; ಸಮಸಮವಾದ್ದರಿಂದ ಬಿದ್ದುಹೋಯಿತು. ಎಂದರೆ ಸರಕಾರವನ್ನು ಕೆಡಹಲೂ ಆಗದು, ಅದು ನಡೆಯಲೂ ಆಗದು. ವಿಧಿಯು ಬೀಳದಂತೆ ತಡೆಯಬಲ್ಲುದು, ನಡೆಯುವ ಕಾಲುಗಳನ್ನು ಕೊಡಲಾರದು. ಇಷ್ಟಾಗಿ ಮೇ ತಿಂಗಳಲ್ಲಿ ಅದೇ ಒಪ್ಪಂದಗಳು ಸಭೆಯ ಮುಂದೆ ಬಂದಾಗ, ಅವುಗಳ ನೆಪದಿಂದಲೇ ಸರಕಾರವನ್ನು ಉರುಳಿಸಹೊರಟ ವಿರೋಧಪಕ್ಷದ ಬಹುತೇಕ ಸದಸ್ಯರು ತಟಸ್ಥರಾಗಿ ಉಳಿದು ಅವುಗಳನ್ನು ಸಾಗಗೊಟ್ಟರು.

ಎರಡನೆಯ ಪ್ರಸಂಗ ೧೯೮೨ನೆಯ ಅಕ್ಟೋಬರ್ ೧ರಂದು. ೧೯೮೦ರ ಚುನಾವಣೆಯಲ್ಲಿ ಫ್ರೀ ಡೆಮಾಕ್ರಾಟರೆಂಬ ಸಣ್ಣ ಪಕ್ಷದವರು ಚಾನ್ಸೆಲರ್ ಹೆಲ್ಮುಟ್ ಶ್ಮಿಟ್ ಅವರೊಡನೆ ಸೇರಿ ಆಳುವೆವೆಂದು ಹೇಳಿ ಮತ ಪಡೆದಿದ್ದರು. ಎರಡು ವರುಷಗಳಲ್ಲಿ ಹಣಕಾಸಿನ ನೀತಿಯಲ್ಲಿ ಒಡಕು ಹುಟ್ಟಿ, ಅವರಲ್ಲಿ ಹೆಚ್ಚಿನವರು ಎದುರುಪಕ್ಷವನ್ನು ಸೇರಿಕೊಂಡು ಹೆಲ್ಮುಟ್ ಕೋಲ್ ಅವರನ್ನು ೨೫೬ ಮತಗಳಿಂದ ಆರಿಸಿದರು. ಎಲ್ಲವೂ ವಿಧಿಪೂರ್ವಕ: ನಾಲ್ವತ್ತೆಂಟು ಗಂಟೆ ಕಳೆದಿದ್ದುವು, ಉತ್ತರಾಧಿಕಾರಿಯಿದ್ದನು, ಬಹುಮತವಿದ್ದಿತು. ಆಗ ಅದೇ ಪಕ್ಷದ ಹಿಲ್ಡೆಗಾರ್ಡ್ ಹಾಮ್ ಬ್ರ್ಯೂಷರ್ ಎಂಬ ಮಹಿಳೆ ಎದ್ದು, ಮತದಾರರ ತೀರ್ಪಿಲ್ಲದೆ ಒಬ್ಬರನ್ನು ಇಳಿಸುವುದೂ ಇನ್ನೊಬ್ಬರನ್ನು ಏರಿಸುವುದೂ ಇಬ್ಬರಿಗೂ ಸಲ್ಲದೆಂದು, ಕಾನೂನಿಗೆ ಒಪ್ಪಿಗೆಯಾದುದು ಮರ್ಯಾದೆಗೆ ಒಪ್ಪಿಗೆಯಾಗಬೇಕಿಲ್ಲವೆಂಬ ಅರ್ಥ ಬರುವಂತೆ ಮಾತನಾಡಿದರು. ಸದಸ್ಯರು ಯಾರ ಅಪ್ಪಣೆಗೂ ಕಟ್ಟುಬೀಳದೆ ತಮ್ಮ ಅಂತಃಕರಣಕ್ಕೆ ಮಾತ್ರ ಅಧೀನರೆಂದು ಅದೇ ಮೂಲಶಾಸನದ ಮೂವತ್ತೆಂಟನೆಯ ವಿಧಿಯು ಹೇಳುತ್ತದೆ. ಪಕ್ಷವನ್ನು ಬಿಟ್ಟು ಕೋಲರ ವಿರುದ್ಧ ನಿಂತ ಆಕೆಗೂ ಆ ವಿಧಿಯೇ ಆಧಾರ, ಮಾತು ಕೊಟ್ಟ ಚಾನ್ಸೆಲರನನ್ನು ಬಿಟ್ಟವರಿಗೂ ಅದೇ ಆಧಾರ. ಆಕೆ ತನ್ನ ಪಕ್ಷದಲ್ಲಿ ಬಹುಕಾಲ ಅದರ ಬೆಲೆ ತೆತ್ತರೆಂಬುದರಿಂದ ಯಾರ ಅಂತಃಕರಣ ಯಾವ ತೂಕದ್ದೆಂದು ಊಹಿಸಬಹುದು. ಎಣಿಕೆ ಮುಗಿದ ಮೇಲೆ ಶ್ಮಿಟ್ ಅವರು ನಡೆದು ಹೋಗಿ ಕೋಲರ ಕೈಕುಲುಕಿ ಅಭಿನಂದಿಸಿದರು.

ಇಲ್ಲಿಂದ ಒಂದು ವಿಚಿತ್ರ ಪದ್ಧತಿಯು ಬಲಗೊಂಡಿತು. ಮತದಾರರ ತೀರ್ಪು ಪಡೆಯಬೇಕೆಂದು ಕೋಲ್ ಅವರಿಗೂ ಅನಿಸಿತು. ಆದರೆ ಹಳೆಯ ಅನರ್ಥವನ್ನು ನೆನೆದು ಮೂಲಶಾಸನವು ಸಭೆಯ ವಿಸರ್ಜನೆಯನ್ನು ಬಹಳ ಬಿಗಿಮಾಡಿದೆ. ಚಾನ್ಸೆಲರನು ತಾನಾಗಿ ವಿಶ್ವಾಸ ಕೇಳಿ ಸೋತರೆ ಮಾತ್ರ ಅಧ್ಯಕ್ಷನನ್ನು ಅದಕ್ಕಾಗಿ ಪ್ರಾರ್ಥಿಸಬಹುದು. ೧೯೭೨ರಲ್ಲಿ ಬ್ರಾಂಟ್ ಅವರು ಹಿಡಿದಿದ್ದ ಈ ದಾರಿಯನ್ನೇ ಕೋಲ್ ಅವರು ೧೯೮೨ನೆಯ ಡಿಸೆಂಬರ್ ೧೭ರಂದು ಹಿಡಿದರು. ಅದೇ ವಾರ ಆಯವ್ಯಯವನ್ನು ಕೂಡಿ ಮಂಜೂರು ಮಾಡಿದ ಅವರ ಬೆಂಬಲಿಗರು ಮತವೆತ್ತುವಾಗ ತಟಸ್ಥರಾಗಿ ಕುಳಿತು ತಮ್ಮ ನಾಯಕನನ್ನು ತಾವೇ ಸೋಲಿಸಿದರು. ಬ್ರಾಂಟರಿಗಿಂತ ಇವರ ನಡೆ ಹೆಚ್ಚು ಕೃತಕವಾದುದು. ಅವರಿಗೆ ಬಹುಮತ ನಿಜವಾಗಿಯೂ ಇರಲಿಲ್ಲ, ಇವರಿಗೆ ಇದ್ದಿತು. ಶ್ರೇಷ್ಠ ನ್ಯಾಯಾಲಯವು ೧೯೮೩ನೆಯ ಫೆಬ್ರವರಿಯಲ್ಲಿ ಅನುಮಾನಿಸುತ್ತಲೇ ಇದಕ್ಕೆ ಒಪ್ಪಿಗೆಯಿತ್ತಿತು. ೨೦೦೫ರಲ್ಲಿ ಗೆರ್‌ಹಾರ್ಡ್ ಶ್ರೋಡರ್ ಅವರು ಹಾಗೆಯೇ ಮಾಡಿದಾಗಲೂ ಒಪ್ಪಿಗೆಯಿತ್ತಿತು. ವಿಶ್ವಾಸವಿದ್ದೂ ಇಲ್ಲವೆಂದು ತೋರಿಸುವುದು ಸತ್ಯಕ್ಕೆ ದೂರವೆಂಬುದನ್ನು ಯಾವ ನ್ಯಾಯಾಲಯದ ತೀರ್ಪೂ ಮರೆಮಾಡಲಾರದು. ಬಾಗಿಲನ್ನು ಅತಿಯಾಗಿ ಭದ್ರಪಡಿಸಿದ ಮನೆಯವರು ಕಿಟಕಿಯಿಂದ ಓಡಾಡುವುದನ್ನು ಕಲಿತರು.

ಇತರ ದೇಶಗಳು ಈ ವಿಧಿಯನ್ನು ಎರವಲು ಪಡೆದಿವೆ. ಸ್ಪೇನ್ ೧೯೭೮ರಲ್ಲಿಯೂ ಪೋಲೆಂಡ್ ೧೯೯೭ರಲ್ಲಿಯೂ ತಮ್ಮ ರಾಜ್ಯಾಂಗಗಳಲ್ಲಿ ಇದನ್ನು ಸೇರಿಸಿಕೊಂಡುವು. ಭಾರತದಲ್ಲಿ ಇಂಗ್ಲೆಂಡಿನ ಮಾದರಿಯಂತೆ ಬರಿಯ ಅವಿಶ್ವಾಸವೇ ಸಾಕು. ೧೯೯೯ನೆಯ ಏಪ್ರಿಲ್ ೧೭ರಂದು ವಾಜಪೇಯಿಯವರ ಸರಕಾರವು ಲೋಕಸಭೆಯಲ್ಲಿ ವಿಶ್ವಾಸಮತವನ್ನು ಕೇಳಿ ೨೬೯ಕ್ಕೆ ೨೭೦ರಂತೆ ಒಂದೇ ಮತದಿಂದ ಬಿದ್ದಿತು. ಕೆಡಹಿದ ೨೭೦ ಮಂದಿ 
ಕೂಡಿ ಇನ್ನೊಂದು ಸರಕಾರವನ್ನು ಕಟ್ಟಲಾರದೆ ಹೋದರು, ಲೋಕಸಭೆ ವಿಸರ್ಜಿತವಾಯಿತು. ಹೊಸ ಸಭೆ ಆರಿಸಿಬರುವವರೆಗೆ ಬಿದ್ದ ಸರಕಾರವೇ ಉಸ್ತುವಾರಿ ನೋಡಿಕೊಂಡಿತು. ಕಾರ್ಗಿಲ್ಲಿನ ಯುದ್ಧವೂ ಅದರ ಕೈಯಲ್ಲಿಯೇ ನಡೆಯಿತು. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದು ಅನಂತರ ಭಾರತದ ಮುಖ್ಯ ನ್ಯಾಯಾಧೀಶರಾದ ಎಂ. ಎನ್. ವೆಂಕಟಾಚಲಯ್ಯನವರ ಅಧ್ಯಕ್ಷತೆಯ ಆಯೋಗವು ರಾಜ್ಯಾಂಗದ ನಡವಳಿಕೆಯನ್ನು ಪರಾಮರ್ಶಿಸಿ ೨೦೦೨ರಲ್ಲಿ ವರದಿ ಒಪ್ಪಿಸಿದಾಗ, ಅವಿಶ್ವಾಸ ಸೂಚನೆಗೆ ಸಭೆಯ ನೂರಕ್ಕೆ ಇಪ್ಪತ್ತರಷ್ಟು ಸದಸ್ಯರ ಸಹಿಯೂ, ಜತೆಗೆ ಬದಲು ನಾಯಕನ ಹೆಸರೂ ಇರಬೇಕೆಂದು ಸಲಹೆಮಾಡಿತು. ಸಲಹೆಯು ವರದಿಯಲ್ಲಿಯೇ ಉಳಿದಿದೆ. ಪ್ರಾಂತಗಳಲ್ಲಿ ರಾತ್ರೋರಾತ್ರಿ ಶಾಸಕರನ್ನು ಬಸ್ಸುಗಳಲ್ಲಿ ತುಂಬಿ ಹೋಟೆಲುಗಳಿಗೆ ಸಾಗಿಸುವುದನ್ನು ಕಂಡಿರುವ ಭಾರತೀಯ ವಾಚಕರಿಗೆ, ಬಾನ್ ಪಟ್ಟಣದ ವಿಧಿಯು ಇಲ್ಲಿಗೆ ಬಂದರೆ ಗುಣವೆಷ್ಟಾದೀತು, ಬೆರಳುಗಳ ಶುದ್ಧಿಯ ಪ್ರಶ್ನೆಯು ಎಷ್ಟು ಉಳಿದೀತು ಎಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಜರ್ಮನಿಯಲ್ಲಿ ಈಚೆಗೆ ನಡೆದುದನ್ನೂ ಹೇಳಬೇಕು. ೨೦೨೪ನೆಯ ನವೆಂಬರಿನಲ್ಲಿ ಚಾನ್ಸೆಲರ್ ಓಲಾಫ್ ಶೋಲ್ಟ್ಸ್ ಅವರ ಮೂರು ಪಕ್ಷಗಳ ಕೂಟ ಒಡೆಯಿತು. ಅವರನ್ನು ಬೇಡವೆನ್ನುವವರು ಸಭೆಯಲ್ಲಿ ಅರ್ಧಕ್ಕಿಂತ ಹೆಚ್ಚಾಗಿದ್ದರು. ಆದರೆ ಅವರೆಲ್ಲ ಕೂಡಿ ಒಬ್ಬನನ್ನು ಬೇಕೆನ್ನುವಂತಿರಲಿಲ್ಲ. ಆದ್ದರಿಂದ ಯಾರೂ ಅರುವತ್ತೇಳನೆಯ ವಿಧಿಯ ತಂಟೆಗೆ ಹೋಗಲಿಲ್ಲ. ಡಿಸೆಂಬರ್ ೧೬ರಂದು ಶೋಲ್ಟ್ಸ್ ಅವರೇ ವಿಶ್ವಾಸ ಕೇಳಿದರು: ಪರ ೨೦೭, ವಿರುದ್ಧ ೩೯೪, ತಟಸ್ಥ ೧೧೬. ಈ ಬಾರಿ ಅವರ ಪಕ್ಷದವರು ನಟನೆಗೆ ಇಳಿಯದೆ ಅವರ ಪರವಾಗಿಯೇ ಮತವಿತ್ತರು. ಸೋಲು ನಿಜವಾದ ಸೋಲಾಗಿತ್ತು. ೨೦೨೫ನೆಯ ಫೆಬ್ರವರಿ ೨೩ರಂದು ಚುನಾವಣೆ ನಡೆದು, ಮಾರ್ಚ್ ೨೫ರಂದು ಹೊಸ ಸಭೆ ಕೂಡಿತು. ಆ ದಿನ ಅಧ್ಯಕ್ಷರು ಶೋಲ್ಟ್ಸರಿಗೆ ಬಿಡುಗಡೆಯ ಪತ್ರವನ್ನು ಕೊಟ್ಟು, ಉತ್ತರಾಧಿಕಾರಿ ಬರುವವರೆಗೆ ಕೆಲಸ ನಡೆಸಿಕೊಂಡು ಹೋಗಿರೆಂದು ಕೇಳಿಕೊಂಡರು. ಮೇ ೬ರ ಬೆಳಗ್ಗೆ ಫ್ರೀಡ್ರಿಷ್ ಮೆರ್ತ್ಸ್ ಅವರ ಆಯ್ಕೆಗಾಗಿ ಸಭೆ ಸೇರಿತು. ಬೇಕಾದುದು ೩೧೬, ಬಂದುದು ೩೧೦. ಗಣರಾಜ್ಯದ ಚರಿತ್ರೆಯಲ್ಲಿ ಚುನಾವಣೆಯ ತರುವಾಯ ಚಾನ್ಸೆಲರಾಗಲು ನಿಂತವರು ಮೊದಲನೆಯ ಸುತ್ತಿನಲ್ಲಿ ಸೋತುದು ಅದೇ ಮೊದಲು. ಯಾರು ಕೈಬಿಟ್ಟರೆಂಬುದು ಗುಪ್ತಮತದಲ್ಲಿ ಹೂತುಹೋಯಿತು. ಮುಖಂಡರು ಮೊಗಸಾಲೆಗಳಲ್ಲಿ ಗುಂಪುಗೂಡಿ ಗಂಟೆಗಟ್ಟಲೆ ಮಾತನಾಡಿದರು. ಮಧ್ಯಾಹ್ನ ಎರಡನೆಯ ಸುತ್ತಿನಲ್ಲಿ ೩೨೫ ಮತಗಳು ಬಂದುವು. ಆ ನಡುವಣ ಹೊತ್ತಿನಲ್ಲಿಯೂ ಬರ್ಲಿನ್ನಿನಲ್ಲಿ ಚಾನ್ಸೆಲರನ ಕಾರ್ಯಭಾರ ಶೋಲ್ಟ್ಸರ ಕೈಯಲ್ಲಿಯೇ ಇದ್ದಿತು; ಅದೇ ದಿನ ಅದನ್ನು ಮೆರ್ತ್ಸರಿಗೆ ಒಪ್ಪಿಸಿ ಅವರು ಹೊರಟರು.